ಕಮಾನು ಗಾಡಿ ಮೀಮಾಂಸೆ
ಬಾಡಿಗೆ ಏರಿದಷ್ಟೂ ಮನುಷ್ಯನ ಸ್ವಾತಂತ್ರ್ಯ ಏರುತ್ತದೆ; ಮನೆ ಪೂರಾ ಕೈತಪ್ಪಿದ ದಿನ ಅದು ಪೂರ್ಣತ್ವ ಪಡೆಯುತ್ತದೆ. ಇದು ಈ ಪ್ರಬಂಧದ ಪ್ರತಿಜ್ಞಾವಾಕ್ಯ. ಕುವೆಂಪು ಅವರು ಅನಿಕೇತನವಾಗೆಂದದ್ದು ಚೇತನಕ್ಕೆ ಮಾತ್ರ. ಆ ಸೌಲಭ್ಯವನ್ನು ದೇಹಕ್ಕೂ ವಿಸ್ತರಿಸಿದ ಕೀರ್ತಿ ಬೆಂಗಳೂರಿನ ಮನೆ ಮಾಲೀಕರದು.

ಮೊದಲು ಶಬ್ದಪ್ರಮಾಣ. ಸಂವಿಧಾನದ 19(1)(ಡಿ) ದೇಶದೆಲ್ಲೆಡೆ ಓಡಾಡುವ ಹಕ್ಕನ್ನೂ 19(1)(ಇ) ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನೂ ಕೊಟ್ಟಿವೆ. ಅಡ್ವಾನ್ಸ್ ಎಷ್ಟೆಂದು ಎರಡರಲ್ಲೂ ಬರೆದಿಲ್ಲ. ಅಂತರಘಟ್ಟೆಯ ಹುಡುಗ ಅಜ್ಜಂಪುರದಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿದರೆ (ಡಿ) ಮುಗಿಯಿತು. (ಇ) ಶುರುವಾಗುವುದು ಟು-ಲೆಟ್ ಬೋರ್ಡಿನ ಕೆಳಗೆ.

“ಮದುವೆ ಆಗಿದೆಯೇನಪ್ಪಾ?”

“ಇಲ್ಲ ಆಂಟಿ.”

“ಬ್ಯಾಚುಲರ್‌ಗೆ ಕೊಡಲ್ಲ. ಆದ್ರೂ ಕೇಳ್ತೀನಿ, ನಾನ್‌ವೆಜ್ ಮಾಡ್ತೀಯಾ?”

“ಇಲ್ಲ ಆಂಟಿ.”

“ಹಂಗಾದ್ರೆ ನೀವು ಯಾವ ಜನ? ಅಡ್ವಾನ್ಸ್ ಹತ್ತು ತಿಂಗಳದು. ರಾತ್ರಿ ಹತ್ತಕ್ಕೆ ಗೇಟ್ ಹಾಕ್ಬಿಡ್ತೀವಿ.”

ಬಾಗಿಲು ಇನ್ನೂ ತೆರೆದಿಲ್ಲ. ಅಷ್ಟರಲ್ಲೇ ಊಟ, ಸಂಸಾರ, ನಿದ್ದೆ ಮೂರೂ ಪರಾಧೀನ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ದಾಟಬಾರದೆನ್ನುತ್ತದೆ. ಮಾಲೀಕರಿಗೆ ಮಾದರಿಯ ಮೇಲೆ ಗೌರವವಿದೆ, ನಿಷ್ಠೆ ಮಾತ್ರ ಸಂಪ್ರದಾಯಕ್ಕೆ. ಇನ್ನು ಕರಾರು ಹನ್ನೊಂದು ತಿಂಗಳದು, ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ರಿಜಿಸ್ಟರ್ ಮಾಡಿಸೆನ್ನುತ್ತದಲ್ಲ, ಅದಕ್ಕೆ. ಹನ್ನೆರಡನೆಯದನ್ನು ನಮ್ಮ ಪಂಥದಲ್ಲಿ ಮುಕ್ತಿಮಾಸವೆನ್ನುತ್ತೇವೆ. ಅಂದು ಬಾಡಿಗೆ ಏರುತ್ತದೆ, ಇಲ್ಲವೇ ಪೇಂಟಿಂಗ್ ಚಾರ್ಜ್ ಮುರಿದುಕೊಂಡು ಜೀವಾತ್ಮನನ್ನು ಬೀದಿಗೆ ಬಿಡುಗಡೆ ಮಾಡಲಾಗುತ್ತದೆ.

ಪೂರ್ವಪಕ್ಷದವರು ಕೇಳಬಹುದು: ಊರಲ್ಲೇ ಇರಬಾರದೇ? ಅಜ್ಜಂಪುರ ಈಚೆಗೆ ತಾಲ್ಲೂಕಾಗಿದೆ. ತಾಲ್ಲೂಕು ಕಚೇರಿಯ ಬೋರ್ಡಿಗೆ ಬಣ್ಣ ಒಣಗುವ ಮೊದಲೇ ಸೈಟಿನ ಬೆಲೆಗೆ ರೆಕ್ಕೆ ಬರುತ್ತದೆಂಬುದು ಲೋಕಾನುಭವ. ಭೂಕಂದಾಯ ಕಾಯ್ದೆಯ 94ಸಿ ಇದೆಯಲ್ಲ ಎನ್ನುವಿರೋ? ಹಳ್ಳಿಯ ಸರ್ಕಾರಿ ಜಾಗದಲ್ಲಿ ಕೇಳದೆ ಮನೆ ಕಟ್ಟಿಕೊಂಡವನಿಗೆ ಅದರಡಿ ಸಕ್ರಮದ ಅವಕಾಶ ಕೊಟ್ಟಿದ್ದಾರೆ. ಕಾನೂನಿಗೆ ಹೆದರಿ ಕಟ್ಟದೆ ಉಳಿದವನಿಗೆ ಸಕ್ರಮ ಮಾಡಿಸಲು ಏನೂ ಇಲ್ಲ. ಅವನು ಹುಟ್ಟಾ ಸಕ್ರಮ.

ಈಗ ದೃಷ್ಟಾಂತ. ಮೈಸೂರು ಅರಸರ ದನಸಾಕಣೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ್ ಮಹಲ್ ಎಂದು ಕರೆದ. ಆ ಹೆಸರಿನ ದನದ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಈ ದನಗಳಿಗೆ ಮೇಯಲು ಕಾವಲುಗಳನ್ನು ಮೀಸಲಿಟ್ಟಿದ್ದರು. ಅದೂ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಬಗೆ. ಒಂದು ಹೋರಿಗೆ ಮೂರು ವಿಳಾಸ! ಹತ್ತು ತಿಂಗಳ ಅಡ್ವಾನ್ಸ್ ಕೇಳಿದವರಿಲ್ಲ, ಗೊಬ್ಬರವನ್ನೂ ಸಂತೋಷದಿಂದ ಸ್ವೀಕರಿಸುತ್ತಿದ್ದರು. ಹೋರಿಯ ಈ ಸುಖಕ್ಕೆ ಕಾರಣವೇನೆಂದು ಬಹಳ ಚಿಂತಿಸಿದ್ದೇನೆ. ಅದು ತೋಪು ಎಳೆಯುತ್ತಿತ್ತು, ದೊರೆಗೆ ಬೇಕಾಗಿತ್ತು. ಸಾಫ್ಟ್‌ವೇರ್ ಎಳೆಯುವವನಿಗೆ ಕಾವಲು ಯಾಕಿಲ್ಲವೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಜನಗಣತಿಯೂ ನಮ್ಮ ಪರವಾಗಿದೆ. 2011ರ ಫೆಬ್ರವರಿ 28ರ ರಾತ್ರಿ ದೇಶದ ವಸತಿರಹಿತರನ್ನು ಎಣಿಸಿದರು, ಸುಮಾರು 17.7 ಲಕ್ಷ ಜನ ಸಿಕ್ಕರು. ರಸ್ತೆ ಬದಿ, ಫುಟ್‌ಪಾತ್, ಸಿಮೆಂಟ್ ಪೈಪು, ಮೇಲ್ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಮಂಟಪ, ಇವು ಅವರ ಮನೆಗಳು. ಹಾಗೆಂದ ಮೇಲೆ ಅಂತರಘಟ್ಟಮ್ಮನ ಜಾತ್ರೆಯ ರಾತ್ರಿ ಗಣತಿದಾರ ಬಂದರೆ ಹೆಂಚಿನ ಮನೆ, ಅಡಿಕೆ ತೋಟ ಇದ್ದವರೂ ಬಯಲಲ್ಲಿ ಬಿದ್ದುಕೊಂಡೇ ಸಿಗುತ್ತಾರೆ, ನಗುನಗುತ್ತ. ವ್ಯತ್ಯಾಸ ಒಂದೇ, ಅವರು ಬೆಳಗಾದರೆ ಮನೆಗೆ ಹೋಗುತ್ತಾರೆ. ನಮ್ಮ ಸಿದ್ಧಾಂತಕ್ಕೆ ತೊಡಕಾದ್ದರಿಂದ ಈ ಅಂಶವನ್ನು ಕೈಬಿಟ್ಟಿದ್ದೇನೆ. ವಿದ್ವತ್ತಿನ ಲೋಕದಲ್ಲಿ ಇದು ರೂಢಿ.

ಸಿದ್ಧಾಂತ: ಜಾತ್ರೆಗೆ ಸುತ್ತಲ ಊರುಗಳಿಂದ ಓಡಿಬರುವ ಪಾನಕದ ಎತ್ತಿನ ಗಾಡಿಯೇ ಆದರ್ಶ ಗೃಹ. ಬಿದಿರು ಬಗ್ಗಿಸಿ ಕಟ್ಟಿದ ಕಮಾನು, ಒಳಗೆ ಹುಲ್ಲು ಹರಡಿ ಅದರ ಮೇಲೆ ಜಮಖಾನ, ಹಿಂದೆ ಸೀರೆಯ ಪರದೆ. ಎರಡೂ ಕಡೆಯಿಂದ ಗಾಳಿ. ಗೇಟಿಲ್ಲ. ನೊಗ ಹೂಡಿದರೆ (ಡಿ), ಇಳಿಸಿದರೆ (ಇ). ಮಾಲೀಕ ಮುನಿಸಿಕೊಂಡರೆ ಮನೆ ಖಾಲಿ ಮಾಡುವ ತಾಪತ್ರಯವಿಲ್ಲ, ಮನೆಯೇ ಹೊರಡುತ್ತದೆ.

ಉಳಿದ ಆಕ್ಷೇಪಗಳು ಸಣ್ಣವು. ಬೆಂಗಳೂರಿನಲ್ಲಿ ಗಾಡಿ ಎಲ್ಲಿ ಬಿಡುವುದು, ಎತ್ತಿಗೆ ಹುಲ್ಲೆಲ್ಲಿ, ಆಧಾರ್ ಕಾರ್ಡಿಗೆ ಯಾವ ವಿಳಾಸ ಎಂದೆಲ್ಲ ಮಂದಮತಿಗಳು ಕೇಳುತ್ತಾರೆ. ಗಾಡಿಯ ಬೆಲೆಯೂ ಎತ್ತಿನ ಜೋಡಿಯ ಬೆಲೆಯೂ ಸೇರಿ ಒಂದು ಅಡ್ವಾನ್ಸಿನಷ್ಟಾಗುತ್ತದೆಂದು ಒಬ್ಬ ಶಿಷ್ಯ ಲೆಕ್ಕ ತೋರಿಸಿದ. ಅವನನ್ನು ಪೀಠದಿಂದ ಹೊರಹಾಕಿದ್ದೇನೆ.

ಮೊನ್ನೆ ಇನ್ನೊಬ್ಬ ಬಂದು, ಗಾಡಿಯ ಅಡಿ ಎರಡು ಗಾಲಿಗಳ ನಡುವಿನ ಜಾಗ ಖಾಲಿ ಇದೆಯಲ್ಲ ಸಾರ್, ಬಾಡಿಗೆಗೆ ಕೊಡ್ತೀರಾ ಎಂದು ಕೇಳಿದ. ಹತ್ತು ತಿಂಗಳ ಅಡ್ವಾನ್ಸ್ ಹೇಳಿದ್ದೇನೆ. ಎತ್ತುಗಳು ಸಸ್ಯಾಹಾರಿಗಳಾದ್ದರಿಂದ ನಾನ್‌ವೆಜ್ ಆಗುವುದಿಲ್ಲ.