ನಂಬರ್ ಪ್ಯಾಡಿನ ಪರಿಷ್ಕೃತ ಪಾಠ: ಪಾಠಾಂತರ, ಪ್ರಕ್ಷೇಪ ಹಾಗೂ ಅನುಬಂಧ ಸಹಿತ

ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಮಹಾಭಾರತದ ಪರಿಷ್ಕರಣಕ್ಕೆ ಕೈಹಾಕಿದ್ದು 1919ರಲ್ಲಿ. 1259 ಹಸ್ತಪ್ರತಿಗಳನ್ನು ತಾಳೆನೋಡಿ ಮುಗಿಸಿದ್ದು 1966ರಲ್ಲಿ. ಅದೇ ಊರಿನ ಡೆಕ್ಕನ್ ಕಾಲೇಜಿನವರು 1948ರಲ್ಲಿ ಹಿಡಿದ ಸಂಸ್ಕೃತ ಮಹಾಕೋಶ ಏಳು ದಶಕ ಕಳೆದರೂ ಅಕಾರದ ಹೊಸ್ತಿಲು ದಾಟಿರಲಿಲ್ಲ. ವಿದ್ಯೆಯ ವಿಷಯದಲ್ಲಿ ಅವಸರವನ್ನೇ ಅರಿಯದ ಇಂಥ ಊರಿನಲ್ಲಿ, ಅಂಗೈಯಗಲದ ಒಂದು ನಂಬರ್ ಪ್ಯಾಡನ್ನು ಐದು ಜನರ ಅಭಿಪ್ರಾಯ ಕೇಳಿ, ಊಟದ ಮೇಜಿನ ಮೇಲೆ ಬೆಸುಗೆ ಹಾಕಿ, ಒಂದು ದೀಪಾವಳಿಯಿಂದ ಇನ್ನೊಂದರೊಳಗೆ ಮುಗಿಸಿದ ಪ್ರಸ್ತುತ ಸಂಪಾದಕನ ಮೇಲೆ ಆತುರಗೇಡಿ ಎಂಬ ಆರೋಪ ಬಂದಿರುವುದು ಸಹಜವೇ. ಅದಕ್ಕೆ ಉತ್ತರರೂಪವಾಗಿ ಈ ಪ್ರಬಂಧ.

ಮೊದಲು ವಿಷಯನಿರ್ದೇಶ. ನಂಬರ್ ಪ್ಯಾಡ್ ಎಂದರೆ ಕೀಬೋರ್ಡಿನ ಬಲತುದಿಯಲ್ಲಿದ್ದು, ಲ್ಯಾಪ್‌ಟಾಪ್ ತೆಳ್ಳಗಾಗುತ್ತ ಹೋದಂತೆ ಎಲ್ಲಕ್ಕಿಂತ ಮೊದಲು ಬಲಿಯಾದ ಅಂಗ. ಹಿಂಜವಡಿಯಲ್ಲಿ ಕೋಡ್ ಬರೆಯುವವರಿಗೆ ಅದು ಹೋದದ್ದೇ ಗೊತ್ತಾಗಲಿಲ್ಲ. ಆದರೆ ಪುಣೆಯ ಕನ್ನಡಿಗರಲ್ಲಿ ಲೆಕ್ಕ ಬರೆಯುವವರೂ ಕಡಿಮೆಯಿಲ್ಲ: ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಬ್ಯಾಂಕಿನಿಂದ ನಿವೃತ್ತರಾಗಿ ಹೌಸಿಂಗ್ ಸೊಸೈಟಿಯ ಖಜಾಂಚಿಗಳಾದವರು, ಸಿಎ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗಿಯರು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಅಂಕೆ ಹುಡುಕಿ ಹುಡುಕಿ ಕುಟ್ಟುವುದು ಇವರಿಗೆ ಶಿಕ್ಷೆ. ಇನ್ನು ಮೆಕ್ಯಾನಿಕಲ್ ಎಂದರೆ ಪ್ರತಿ ಕೀಲಿಗೂ ತನ್ನದೇ ಸ್ವಿಚ್ಚು, ತನ್ನದೇ ಸ್ಪ್ರಿಂಗು. ಜರ್ಮನಿಯ ಚೆರ್ರಿ ಎಂಎಕ್ಸ್ ಮಾದರಿಯಲ್ಲಿ ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಅಂಕೆ ಮಾತ್ರ ಅರ್ಧ ದಾರಿಯಲ್ಲೇ ಹೊರಟುಹೋಗಿರುತ್ತದೆ. ಉಳಿದ 2 ಮಿಲಿಮೀಟರ್ ಕೇವಲ ಆತ್ಮಾನಂದಕ್ಕೆ. ಮುಂದೆ ಬರುವ ವಿವಾದಗಳಲ್ಲಿ ಬಹುಪಾಲು ಆ 2 ಮಿಲಿಮೀಟರಿನಲ್ಲೇ ನಡೆದವು.

ಪೂರ್ವೇತಿಹಾಸಕ್ಕೆ ದೂರ ಹೋಗಬೇಕಿಲ್ಲ. ಪುಣೆ ಜಿಲ್ಲೆಯದೇ ಜುನ್ನರ ತಾಲ್ಲೂಕಿನ ನಾಣೇಘಾಟ್ ಕಣಿವೆಯ ಗುಹೆಯಲ್ಲಿ ಶಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನವಿದೆ. ಯಜ್ಞಗಳಿಗೆ ಕೊಟ್ಟ ಹಸು, ಆನೆ, ಕಾರ್ಷಾಪಣ ನಾಣ್ಯಗಳ ಲೆಕ್ಕ ಅದರಲ್ಲಿ ಅಂಕೆಗಳಲ್ಲೇ ಇದೆ. ಭಾರತದಲ್ಲಿ ಉಳಿದಿರುವ ಅತಿ ಹಳೆಯ ಅಂಕೆಗಳ ಪೈಕಿ ಇವೂ ಸೇರಿವೆ. ಸೊನ್ನೆಯಿಲ್ಲ. ಹತ್ತಕ್ಕೊಂದು, ನೂರಕ್ಕೊಂದು, ಸಾವಿರಕ್ಕೊಂದು ಪ್ರತ್ಯೇಕ ಗುರುತು. ಎಂದರೆ ಒಂದೇ ಒತ್ತಿಗೆ ಸಾವಿರ ಮೂಡುವ ಮ್ಯಾಕ್ರೊ ಕೀಲಿ ನಮ್ಮಲ್ಲಿ ಎರಡು ಸಾವಿರ ವರ್ಷ ಹಳೆಯದು. 3, 5, 8 ಮಾತ್ರ ಆ ಗೋಡೆಯ ಮೇಲೆ ಸಿಗುವುದಿಲ್ಲ. ಕೊಟ್ಟ ದಾನದಲ್ಲಿ ಆ ಅಂಕೆಗಳ ಪ್ರಮೇಯ ಬರಲಿಲ್ಲವೆಂದು ಸುಮ್ಮನಾಗಬಹುದು. ಆದರೆ ಕಣಿವೆಯ ನೆತ್ತಿಯಲ್ಲಿ, ವ್ಯಾಪಾರಿಗಳು ಸುಂಕ ಹಾಕುತ್ತಿದ್ದರೆಂದು ಹೇಳುವ ದೊಡ್ಡ ಕಲ್ಲಿನ ಕೊಡ ಇಂದಿಗೂ ಕೂತಿದೆ. ಕೀಬೋರ್ಡ್ ಹವ್ಯಾಸಿಗೆ ಕಾರಣ ತಕ್ಷಣ ಹೊಳೆಯುತ್ತದೆ: ಮೂರು ಕೀಕ್ಯಾಪ್‌ಗಳ ಪಾರ್ಸೆಲ್ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ.

ಆಧುನಿಕ ಕಾಲದಲ್ಲಿ ಪಾಠಪರಂಪರೆ ಎರಡು ಶಾಖೆಯಾಗಿ ಒಡೆದಿದೆ. 7-8-9 ಮೇಲಿರುವ ಗಣಕಶಾಖೆಗೆ ಮೂಲ, ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಸಂಡ್‌ಸ್ಟ್ರಾಂಡ್ ಸಹೋದರರು 1914ರ ಹೊತ್ತಿಗೆ ಮಾಡಿದ ಕೂಡುವ ಯಂತ್ರ. 1-2-3 ಮೇಲಿರುವ ದೂರವಾಣಿಶಾಖೆ ಬೆಲ್ ಪ್ರಯೋಗಾಲಯದ್ದು. ಅಲ್ಲಿನ ಡೈನಿಂಗರ್ ಎಂಬವರು ಗುಂಡಿಗಳನ್ನು ಬಗೆಬಗೆಯಾಗಿ ಜೋಡಿಸಿ, ಜನರಿಂದ ಒತ್ತಿಸಿ ನೋಡಿ, 1960ರಲ್ಲಿ ಲೇಖನ ಪ್ರಕಟಿಸಿದರು. 1963ರಲ್ಲಿ ಒತ್ತುಗುಂಡಿಯ ಫೋನು ಮಾರುಕಟ್ಟೆಗೆ ಬಂತು. ಎಟಿಎಂ, ಯುಪಿಐ ಪಿನ್ ಎಲ್ಲ ಈ ಶಾಖೆಯ ಸಂತಾನ. ಎರಡರ ನಡುವೆ ಸಿಕ್ಕ ಮನುಷ್ಯನ ಗತಿ ಏನೆಂದು ತಿಳಿಯಲು ಸಂಪಾದಕನು ಫರ್ಗ್ಯೂಸನ್ ಕಾಲೇಜು ರಸ್ತೆಯ ಆಸುಪಾಸಿನ ಒಂದು ಉಡುಪಿ ಹೋಟೆಲಿನಲ್ಲಿ ಕ್ಷೇತ್ರಕಾರ್ಯ ಕೈಗೊಂಡನು (ಎರಡು ಸೆಟ್ ದೋಸೆ, ಒಂದು ಕಾಫಿ). ಗಲ್ಲಾದವರ ಎಡಗೈ ಬಡೀಸೋಪಿನ ತಟ್ಟೆಯನ್ನು ಗಿರಾಕಿಯ ಕಡೆ ಸರಿಸುತ್ತದೆ. ಕಣ್ಣು ಮೂರನೇ ಟೇಬಲ್ಲಿನ ಮೇಲೆ. ಬಲಗೈಯ ನಡುಬೆರಳು ಮಾತ್ರ ಕ್ಯಾಲ್ಕುಲೇಟರಿನ 5ರ ಮೇಲಿನ ಸಣ್ಣ ಉಬ್ಬನ್ನು ಸವರಿ, ತನ್ನ ಜಾಗ ಖಾತ್ರಿ ಮಾಡಿಕೊಂಡು, ನೋಡದೆಯೇ ಓಡುತ್ತದೆ. 0, 00 ಮತ್ತು + ಕೀಲಿಗಳ ಬರಹ ಪೂರ್ತಿ ಸವೆದಿದೆ; 9 ಇನ್ನೂ ಹೊಸದರಂತಿದೆ. ಅಷ್ಟರಲ್ಲಿ ಒಬ್ಬರು ಕಾರ್ಡ್ ಕೊಡುತ್ತಾರೆ. ಅದೇ ಬೆರಳು ಕಾರ್ಡ್ ಯಂತ್ರದ ತಲೆಕೆಳಗಾದ ಪಾಠಕ್ಕೆ ಜಿಗಿದು, ಒಂದು ಅಂಕೆಯೂ ತಪ್ಪದೆ ಮೊತ್ತ ಹಾಕುತ್ತದೆ. “ಇದು ಹೇಗೆ ಸಾಧ್ಯ?” ಎಂದು ಕೇಳಿದ್ದಕ್ಕೆ, “ಎಂತದು ಸಾಧ್ಯ ಮಾರಾಯ್ರೆ? ಬಿಲ್ಲು ಇನ್ನೂರ ನಲವತ್ತು,” ಎಂಬ ಉತ್ತರ ಬಂತು.

ಈಗ ಆಧಾರಪ್ರತಿಗಳು. ‘ಗ’ ಪ್ರತಿ ಮೇಲೆ ಹೇಳಿದ ಗಲ್ಲಾದವರದು. ಬಿಲ್ಲಿನ ಹಿಂಬದಿಯಲ್ಲಿ ಒಂದೂವರೆ ಸಾಲು: 00 ಇರಲಿ, + ದೊಡ್ಡದಿರಲಿ. ಎಣ್ಣೆಯ ಕಲೆಯಿದ್ದರೂ ಪಾಠ ಶುದ್ಧ. ‘ಬ’ ಪ್ರತಿ ಧಾರವಾಡ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರದು, ಈಗ ನಮ್ಮ ಸೊಸೈಟಿಯ ಖಜಾಂಚಿಗಳು. ಅವರಿಗೂ 00 ಬೇಕು, ಜೊತೆಗೆ ಲಕ್ಷಕ್ಕೊಂದು, ಕೋಟಿಗೊಂದು ಕೀಲಿ ಬೇಕು. ‘ಸ’ ಪ್ರತಿ ಸಿಎ ಹುಡುಗಿಯದು. ಟ್ಯಾಬ್ ಕೀಲಿ ಬಲಗೈಯಲ್ಲೇ ಸಿಗಬೇಕೆಂಬ ಅವಳ ವಾದ ಎಕ್ಸೆಲ್ ಬಲ್ಲವರಿಗೆಲ್ಲ ಅರ್ಥವಾಗುತ್ತದೆ. ‘ಹ’ ಪ್ರತಿ ಹಿಂಜವಡಿಯ ಎಂಜಿನಿಯರನದು, ಎಲ್ಲಕ್ಕಿಂತ ದೀರ್ಘ: ತಿರುಗಿಸುವ ಗುಂಡಿ, ಪುಟ್ಟ ಓಎಲ್‌ಇಡಿ ಪರದೆ, ಕೀಲಿಯ ಕೆಳಗೆ ಬಣ್ಣಬಣ್ಣದ ದೀಪ, ಮೀಟಿಂಗಿನಲ್ಲಿ ತನ್ನ ಮೈಕ್ ಮುಚ್ಚುವ ಕೀಲಿ. ಅಂಕೆಯ ವಿಷಯ ಆ ಪ್ರತಿಯಲ್ಲಿ ಎಲ್ಲೂ ಬರುವುದಿಲ್ಲ. ‘ಕ’ ಪ್ರತಿ ಕನ್ನಡಾಭಿಮಾನಿಯೊಬ್ಬರದು. ಕೀಕ್ಯಾಪಿನ ಮೇಲೆ ೧, ೨, ೩ ಎಂದೇ ಇರಬೇಕು, ಇಲ್ಲಿನ ಸಿಟಿ ಬಸ್ಸಿನ ನಂಬರು ದೇವನಾಗರಿಯಲ್ಲಿ ಓಡಬಹುದಾದರೆ ನಮ್ಮ ಪ್ಯಾಡೇಕೆ ಕನ್ನಡದಲ್ಲಿ ಓಡಬಾರದು ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಕಲಿಸಿದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದೂ ಇದೇ ಪುಣೆಯ ಸಿ-ಡ್ಯಾಕ್‌ನಲ್ಲಿ. ಆದರೆ ಪ್ಯಾಡಿಗೆ ಲಿಪಿ ಬರುವುದಿಲ್ಲ. ಅದು ಕಂಪ್ಯೂಟರಿಗೆ ಕಳಿಸುವುದು ಕೀಲಿಯ ಕ್ರಮಸಂಖ್ಯೆಯನ್ನು ಮಾತ್ರ. 7ನ್ನು ಒತ್ತಿದರೆ ತಂತಿಯಲ್ಲಿ ಹೋಗುವುದು 95. ಒತ್ತಿದ್ದು ೭, ಹೋದದ್ದು 95, ಪರದೆಯಲ್ಲಿ ಮೂಡಿದ್ದು 7. ಸರ್ಕಾರಿ ಕಡತಗಳ ಅನುಭವವುಳ್ಳ ‘ಕ’ ಅವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೀಕ್ಯಾಪುಗಳು ಕನ್ನಡದಲ್ಲೇ ಆದವು.

ಸಂಪಾದನಾ ವಿಧಾನಕ್ಕೆ ಮಹಾಭಾರತದ ಪ್ರಧಾನ ಸಂಪಾದಕರಾಗಿದ್ದ ವಿಷ್ಣು ಸೀತಾರಾಮ ಸುಖಠಣಕರರೇ ಮಾರ್ಗದರ್ಶಿ. ಒಂದಕ್ಕೊಂದು ಸಂಬಂಧವಿಲ್ಲದ ಪರಂಪರೆಗಳಲ್ಲಿ ಒಂದೇ ಪಾಠ ಸಿಕ್ಕರೆ ಅದಕ್ಕೆ ಮೂಲದಲ್ಲಿ ಸ್ಥಾನ. ಒಂದರಲ್ಲಷ್ಟೇ ಇರುವುದು ಅಡಿಟಿಪ್ಪಣಿಗೆ, ಉದ್ದವಿದ್ದರೆ ಅನುಬಂಧಕ್ಕೆ. ‘ಹ’ ಮತ್ತು ‘ಸ’ ದಿನಾ ಒಂದೇ ಬಸ್ಸಿನಲ್ಲಿ ಬರುವವರಾದ್ದರಿಂದ ಆ ಎರಡು ಪ್ರತಿಗಳಲ್ಲಿ ಪಾಠಸಾಂಕರ್ಯ ಇದ್ದೇ ಇದೆ. ‘ಗ’ ಮತ್ತು ‘ಬ’ ಗಣೇಶೋತ್ಸವದ ವರ್ಗಣಿ ಲೆಕ್ಕದ ನಂತರ ಮಾತು ಬಿಟ್ಟವರು. ಇಷ್ಟು ಸ್ವತಂತ್ರವಾದ ಎರಡು ಸಾಕ್ಷ್ಯಗಳು ಮಹಾಭಾರತದ ಸಂಪಾದಕರಿಗೂ ಸಿಕ್ಕಿರಲಾರವು. ಇಬ್ಬರೂ 00 ಕೇಳಿದ್ದರಿಂದ 00 ಮೂಲಪಾಠಕ್ಕೆ ಸೇರಿತು, ಉದ್ದನೆಯ 0 ಕೀಲಿ ಎರಡು ಹೋಳಾಯಿತು, ಹದಿನೇಳು ಹೋಗಿ ಹದಿನೆಂಟಾಯಿತು. ಪರ್ವಗಳ ಸಂಖ್ಯೆಯೂ ಅಷ್ಟೇ ಎಂಬುದನ್ನು ಸುಮ್ಮನೆ ಗಮನಕ್ಕೆ ತರುತ್ತೇನೆ.

ಉಳಿದ ಬೇಡಿಕೆಗಳನ್ನು ಏನು ಮಾಡುವುದು? ಇಲ್ಲಿ ಕ್ಯೂಎಂಕೆ ಎಂಬ ಫರ್ಮ್‌ವೇರ್ ಕೈಹಿಡಿಯುತ್ತದೆ. ಅದರಲ್ಲಿ ಒಂದೇ ಕೀಲಿಗೆ ಪದರದ ಮೇಲೆ ಪದರ ಹಾಕಬಹುದು; ಒಂದು ಕೀಲಿ ಒತ್ತಿಹಿಡಿದರೆ ಇಡೀ ಪ್ಯಾಡಿನ ಅರ್ಥವೇ ಬದಲಾಗುತ್ತದೆ. ಲಕ್ಷ, ಕೋಟಿ, ಟ್ಯಾಬ್, ಮೈಕ್ ಎಲ್ಲವೂ ಎರಡನೆಯ ಪದರಕ್ಕೆ, ಅಂದರೆ ಅನುಬಂಧಕ್ಕೆ ಹೋದವು. ‘ಹ’ ಮುನಿಸಿಕೊಂಡಾಗ ಅವನಿಗೆ ಒಂದು ಪೂರ್ವನಿದರ್ಶನ ತೋರಿಸಲಾಯಿತು: ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆಯನ್ನೇ ಪುಣೆಯ ಪಂಡಿತರು ಪ್ರಕ್ಷಿಪ್ತವೆಂದು ಅನುಬಂಧಕ್ಕೆ ಕಳಿಸಿದ್ದಾರೆ. ಕಸಬಾ ಗಣಪತಿಯ ಊರಿನಲ್ಲಿ ಗಣಪತಿಗೇ ಮೂಲದಲ್ಲಿ ಜಾಗ ಸಿಗಲಿಲ್ಲವೆಂದ ಮೇಲೆ ಬಣ್ಣದ ದೀಪದ ಮಾತೇಕೆ? ಅಂದಹಾಗೆ ಆ ಕಥೆಯಲ್ಲಿ ತಂತ್ರಜ್ಞಾನವೂ ಇದೆ. ಅರ್ಥವಾಗದೆ ಬರೆಯಕೂಡದು ಎಂಬುದು ವ್ಯಾಸರ ಷರತ್ತು. ಸ್ವಿಚ್ಚಿನ ಲೋಹದ ಎಲೆಗಳು ತಗುಲುವಾಗ ಕ್ಷಣಕಾಲ ಪುಟಿಯುತ್ತವೆ, ಒಂದೇ ಒತ್ತು ನಾಲ್ಕಾರು ಒತ್ತಿನಂತೆ ಕಾಣುತ್ತದೆ. ಅದಕ್ಕೆ ಫರ್ಮ್‌ವೇರ್ ಸಾಮಾನ್ಯವಾಗಿ 5 ಮಿಲಿಸೆಕೆಂಡ್ ತಡೆದು, ಅರ್ಥಮಾಡಿಕೊಂಡು, ಆಮೇಲೆ ಬರೆದುಕೊಳ್ಳುತ್ತದೆ.

ಸದ್ದಿನ ವಿವಾದ ಇದಕ್ಕಿಂತ ತೀಕ್ಷ್ಣ. ಕೆಂಪು ಸ್ವಿಚ್ಚು ಸಲೀಸಾಗಿ ಇಳಿಯುತ್ತದೆ, ಕಂದು ನಡುವೆ ಸಣ್ಣದಾಗಿ ಎಡವುತ್ತದೆ, ನೀಲಿ ಎಡವಿ ‘ಟಕ್’ ಎಂದು ಸಾರಿ ಹೇಳುತ್ತದೆ. ನೀಲಿಯ ಪರವಾಗಿ ಶಾಸ್ತ್ರಪ್ರಮಾಣ ಉಂಟು. ಗದುಗಿನ ಕುಮಾರವ್ಯಾಸ ತನ್ನ ಹೆಗ್ಗಳಿಕೆಗಳನ್ನು ಹೇಳಿಕೊಳ್ಳುವಾಗ, ಓಲೆಗರಿಯ ಮೇಲೆ ತನ್ನ ಕಂಠದ (ಬರೆಯುವ ಮೊನೆಕಡ್ಡಿಯ) ಸದ್ದು ನಡುವೆ ಕೆಡುವುದಿಲ್ಲವೆಂಬುದನ್ನೂ ಸೇರಿಸಿದ್ದಾನೆ. ಆತ ನೀಲಿ ಸ್ವಿಚ್ಚಿನವನೆಂಬುದರಲ್ಲಿ ಸಂಶಯವಿಲ್ಲ. ಆದರೆ ಆತ ವೀರನಾರಾಯಣನ ಗುಡಿಯಲ್ಲಿ ಬರೆದವನೆಂಬ ಪ್ರತೀತಿ. ನಮ್ಮ ಖಜಾಂಚಿಗಳು ಬರೆಯುವುದು ನಾಲ್ಕಿಂಚಿನ ಗೋಡೆಯಾಚೆ ನೆರೆಮನೆಯ ಮಗು ಮಲಗುವ ಫ್ಲ್ಯಾಟಿನಲ್ಲಿ. ಕಂದು ಗೆದ್ದಿತು. ಯಾರಿಗೂ ಪೂರ್ತಿ ಇಷ್ಟವಾಗದ್ದೇ ಅದರ ಅರ್ಹತೆ.

ತಯಾರಿಕೆಯನ್ನು ಸಂಕ್ಷೇಪಿಸುತ್ತೇನೆ. ಹದಿನೆಂಟು ಸ್ವಿಚ್ಚಿಗೆ ಹದಿನೆಂಟು ತಂತಿ ಬೇಕಿಲ್ಲ. ಐದು ಅಡ್ಡಸಾಲು, ನಾಲ್ಕು ಕಂಬಸಾಲು ಮಾಡಿದರೆ ಒಂಬತ್ತರಲ್ಲಿ ಮುಗಿಯುತ್ತದೆ. ಒತ್ತದ ಕೀಲಿ ಒತ್ತಿದಂತೆ ತೋರುವ ಭೂತಬಾಧೆ ತಡೆಯಲು ಪ್ರತಿ ಸ್ವಿಚ್ಚಿಗೊಂದು 1ಎನ್4148 ಡಯೋಡ್ ಹಾಕಬೇಕು. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಹದಿನೆಂಟು ಡಯೋಡ್ ಕೇಳಿದ ಸಂಪಾದಕನಿಗೆ ಅಂಗಡಿಯವರು ನೂರರ ಪಟ್ಟಿ ಕೊಟ್ಟು, ಉಳಿದ ಎಂಬತ್ತೆರಡನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಪುಣೇರಿ ಮೌನವನ್ನು ಉತ್ತರವಾಗಿ ಕೊಟ್ಟರು. ಸ್ವಿಚ್ಚು ಕೂರುವ ತಗಡನ್ನು ಭೋಸರಿ ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಲೇಸರಿನಿಂದ ಕೊಯ್ಯಿಸಲಾಯಿತು: 1.5 ಮಿಲಿಮೀಟರ್ ದಪ್ಪ, 14 ಮಿಲಿಮೀಟರಿನ ಚೌಕ ತೂತು, ತೂತಿನ ನಡುವಿನಿಂದ ನಡುವಿಗೆ 19.05. ಯಾವ ಮಶೀನಿನ ಪಾರ್ಟು ಎಂದು ಅಲ್ಲಿನ ಹುಡುಗ ಕೇಳಿದ. ಹದಿನೆಂಟು ತೂತಿನ ಇನ್ನಷ್ಟು ತಗಡುಗಳ ಆರ್ಡರ್ ಬರಬಹುದೆಂಬ ಆಸೆ ಅವನ ದನಿಯಲ್ಲಿತ್ತು.

ಪ್ಯಾಡಿನ ಪರೀಕ್ಷೆಗೆಂದು, ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ ದೇವಳಾಲಿಯಲ್ಲಿ ಮೇಷ್ಟರಾಗಿದ್ದ ಡಿ.ಆರ್. ಕಾಪ್ರೇಕರರ ವಿಧಿಯನ್ನು ಅನುಸರಿಸಲಾಯಿತು. ನಾಲ್ಕಂಕಿಯ ಸಂಖ್ಯೆಯೊಂದರ ಅಂಕೆಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತ ಹೋದರೆ, ನಾಲ್ಕೂ ಒಂದೇ ಅಂಕೆಯಾಗಿರದಿದ್ದರೆ, ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174 ಬರುತ್ತದೆ. 3524ರಿಂದ ಹೊರಟೆವು: 5432ರಿಂದ 2345 ಕಳೆದು 3087, 8730ರಿಂದ 0378 ಕಳೆದು 8352, 8532ರಿಂದ 2358 ಕಳೆದು 6174. ಅದನ್ನೇ ಮತ್ತೆ ಬಿಡಿಸಿ 7641ರಿಂದ 1467 ಕಳೆದರೂ 6174. ಗುಣಾಕಾರಕ್ಕೆ ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯರ ಮಾಲೆಸಂಖ್ಯೆ: 152207ನ್ನು 73ರಿಂದ ಗುಣಿಸಿದಾಗ 11111111 ಎಂದು ಒಂದುಗಳು ಸಾಲಾಗಿ ಬಂದು ನಿಂತವು. ಇಷ್ಟಾದರೂ 9ನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಚಪ್ಪಲಿ ಅಂಗಡಿಯ ರಶೀದಿಯೊಂದನ್ನು ತರಿಸಿ ಆ ಕೊರತೆ ನೀಗಿಸಲಾಯಿತು.

ಕೊನೆಗೆ ಉಳಿದದ್ದು ಬ್ಯಾಕ್‌ಸ್ಪೇಸ್. ಐದೂ ಪ್ರತಿಗಳ ಕೊನೆಯಲ್ಲಿ, ಲಿಪಿಕಾರರು ಫಲಶ್ರುತಿ ಬರೆಯುವ ಜಾಗದಲ್ಲಿ, ಅವರವರ ಮಾತಿನಲ್ಲಿ ಒಂದೇ ಬೇಡಿಕೆ ಇತ್ತು: ತಪ್ಪಿದ್ದನ್ನು ಅಳಿಸಲು ಕೈ ಆಚೆ ಹೋಗಬಾರದು. ಆದರೆ ಹದಿನೇಳು ಕೀಲಿಯ ಪ್ರಚಲಿತ ಪಾಠದಲ್ಲಿ ಆ ಕೀಲಿಯೇ ಇಲ್ಲ. ಆಧಾರವಿಲ್ಲದ ತಿದ್ದುಪಡಿಯಲ್ಲಿ ಸುಖಠಣಕರರು ಮಹಾ ಜಿಪುಣರು. ಕುಮಾರವ್ಯಾಸನಂತೂ ಬರೆದದ್ದನ್ನು ಅಳಿಸುವುದೇ ಇಲ್ಲವೆಂದು ಬೀಗಿದವನು. ಆದರೆ ಅವನಿಗೆ ಜಿಎಸ್‌ಟಿ ರಿಟರ್ನ್ ಇರಲಿಲ್ಲ. ಆದ್ದರಿಂದ ಮೂಲಪಾಠದಲ್ಲೇ ಯಾವುದು ಪ್ರಕ್ಷಿಪ್ತವೆಂದು ಹುಡುಕಿದಾಗ ಸಿಕ್ಕಿಬಿದ್ದದ್ದು ನಮ್‌ಲಾಕ್. 1981ರ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿ ಬಾಣದ ಗುರುತುಗಳಿಗೆ ಬೇರೆ ಕೀಲಿಯಿರಲಿಲ್ಲ, ಅಂಕೆಗಳ ಮನೆಯಲ್ಲೇ ಬಿಡಾರ ಹೂಡಿದ್ದವು. ಯಾರ ಸರದಿ ಯಾವಾಗ ಎಂದು ತೀರ್ಮಾನಿಸಲು ನಮ್‌ಲಾಕ್ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಬಾಣಗಳು ಸ್ವಂತ ಮನೆ ಕಟ್ಟಿಕೊಂಡು ಹೋದವು. ನಮ್‌ಲಾಕ್ ಮಾತ್ರ ಜಾಗ ಬಿಡಲಿಲ್ಲ. ಅದನ್ನು ಒಕ್ಕಲೆಬ್ಬಿಸಿ ಅಲ್ಲಿ ಬ್ಯಾಕ್‌ಸ್ಪೇಸ್ ಕೂರಿಸಲಾಯಿತು. ಸಂದೇಹಾಸ್ಪದ ಪಾಠಗಳ ಕೆಳಗೆ ಭಾಂಡಾರ್ಕರ್ ಆವೃತ್ತಿಯಲ್ಲಿ ಎಳೆಯುವಂತೆ, ಆ ಕೀಕ್ಯಾಪಿನ ಮೇಲೂ ಒಂದು ಅಲೆಗೆರೆ ಕೊರೆಯಿಸಿದೆವು.

ಮೊದಲ ಪ್ಯಾಡು ‘ಬ’ ಅವರ ಮನೆ ಸೇರಿತು. ಬ್ಯಾಂಕಿನಲ್ಲಿದ್ದಷ್ಟು ವರ್ಷವೂ ಅವರು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೊಡನೆ ಮೊದಲು ನಮ್‌ಲಾಕ್ ಒತ್ತಿ, ದೀಪ ಹತ್ತಿದ್ದನ್ನು ಕಂಡು, ಆಮೇಲೆ ಕೆಲಸ ಶುರುಮಾಡಿದವರು. “ದೀಪ ಎಲ್ಲಿ ಹೋತ್ರೀ?” ಎಂದು ಒಮ್ಮೆ ಫೋನು ಮಾಡಿದ್ದರು, ಹೊಸ ಪಾಠದಲ್ಲಿ ದೀಪವಿಲ್ಲವೆಂದು ವಿವರಿಸಲಾಯಿತು. ಎಕ್ಸೆಲ್‌ನಲ್ಲಿ ಯಾವುದೋ ಮನೆಯ ಮೇಲೆ ಕರ್ಸರ್ ನಿಂತಿರುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಅದರಲ್ಲಿದ್ದ ಮೊತ್ತ ಸದ್ದಿಲ್ಲದೆ ಅಳಿಸಿಹೋಗುತ್ತದೆ, ಅದರಲ್ಲೂ ಕಂದು ಸ್ವಿಚ್ಚಾದರೆ ಇನ್ನೂ ಸದ್ದಿಲ್ಲದೆ. ಅವರ ಕರ್ಸರ್ ಬೆಳಿಗ್ಗೆ ನಿಂತಿರುತ್ತಿದ್ದುದು ನೀರಿನ ಟ್ಯಾಂಕರಿನ ಕಾಲಮ್ಮಿನಲ್ಲಿ. ಆ ತ್ರೈಮಾಸಿಕದ ಮೇಂಟೆನೆನ್ಸ್ ಬಿಲ್ಲಿನಲ್ಲಿ ಟ್ಯಾಂಕರಿನ ಬಾಬ್ತು ಯಾರಿಗೂ ಬರಲಿಲ್ಲ. ಪರಿಷ್ಕೃತ ಪಾಠದಲ್ಲಿ ದೋಷವಿದ್ದು ಎರಡನೆಯ ಆವೃತ್ತಿ ತರಬೇಕೆಂದು ಸಂಪಾದಕನು ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಠರಾವು ಮಂಡಿಸಿದನು. ಸದಸ್ಯರು ಒಮ್ಮತದಿಂದ ತಿರಸ್ಕರಿಸಿದರು.