ಸಂಡೂರು ಘಾಟಿಗೆ ಹೊರಡೋ ಮುಂಚೆ

ಅಣ್ಣ, ಅಂಬಾಸಿಡರ್ ತೊಳೆದು ನಿಲ್ಲಿಸಿದ್ದೀರಿ, ಭಾನುವಾರ ಸಂಡೂರಿಗೆ ಹೊರಟಿದ್ದೀರಂತೆ. ಬ್ರೇಕ್ ಒಮ್ಮೆ ತೋರಿಸಿಬಿಡ್ರಿ. ಕಂಪ್ಲಿ ಕಡೆ ಹೋಗೋದಾದ್ರೆ ಗದ್ದೆ, ಕಾಲುವೆ, ಸಪಾಟು ರಸ್ತೆ. ಹಂಪಿಯಂತೂ ಇಲ್ಲೇ ಪಕ್ಕದಲ್ಲಿ. ಸಂಡೂರಿನ ದಾರಿ ಹಾಗಲ್ಲ. ಗುಡ್ಡ ಹತ್ತಿ ಇಳೀಬೇಕು, ಎದುರಿಗೆ ಅದಿರು ಲಾರಿ ಬರ್ತಾವೆ.

‘ಎರಡು ಸಲ ತುಳಿದ್ರೆ ಹಿಡಿಯುತ್ತೆ ಬಿಡ್ರಿ’ ಅಂತೀರಲ್ಲ, ನನಗೆ ಭಯ ಆಗೋದೇ ಆ ಮಾತಿಗೆ. ಮೊದಲು ಶೂ ಸರಿಯಾಗಿ ಅಡ್ಜಸ್ಟ್ ಮಾಡಿಸ್ರಿ. ಆಮೇಲೂ ಹಂಗೇ ಇದ್ರೆ ಮಾಸ್ಟರ್ ಸಿಲಿಂಡರ್ ಬಿಚ್ಚಿಸ್ರಿ. ನಿಮ್ಮದು ನಾಲ್ಕೂ ಚಕ್ರಕ್ಕೆ ಡ್ರಮ್ ಇರೋ ಗಾಡಿ. ಅಂಥ ಹಳೇ ಗಾಡಿಗಳಲ್ಲಿ ಆಯಿಲ್ ಹೊರಗೆ ಹೋಗೋ ಬಾಯಿಗೇ ಒಂದು ಚೆಕ್ ವಾಲ್ವ್ ಇರುತ್ತೆ: ಸಣ್ಣದೊಂದು ರಬ್ಬರ್, ಅದಕ್ಕೊಂದು ಸ್ಪ್ರಿಂಗ್. ಪೆಡಲಿನಿಂದ ಕಾಲು ತೆಗೆದಾಗ ಆಯಿಲ್ ಪೂರ್ತಿ ವಾಪಸ್ ಬರದಂತೆ ತಡೆದು, ಪೈಪಿನಲ್ಲಿ ಸುಮಾರು 10 ಪೌಂಡ್ ಒತ್ತಡ ಉಳಿಸುತ್ತೆ. ಟೈರಿನ ಗಾಳಿಯ ಅರ್ಧದಷ್ಟೂ ಅಲ್ಲ. ಶೂ ಡ್ರಮ್ಮಿಗೆ ಒತ್ತೋಕೆ ಅದು ಸಾಲದು, ಆದ್ರೆ ಚಕ್ರದ ಸಿಲಿಂಡರ್ ಒಳಗಿನ ರಬ್ಬರ್ ಕಪ್ಪಿನ ಅಂಚು ಗೋಡೆಗೆ ಅಂಟಿಕೊಂಡಿರೋಕೆ ಸಾಕು. ವಾಲ್ವ್ ಕೆಟ್ಟರೆ ಆ ಅಂಚು ಸಡಿಲ ಬಿಡುತ್ತೆ, ಏರ್ ಹಿಡಿಯುತ್ತೆ, ಪೆಡಲ್ ಕೆಳಗಿಳಿಯುತ್ತೆ. ಘಾಟಿಯ ತಿರುವಿನಲ್ಲಿ ಎರಡನೇ ಸಲ ತುಳಿಯೋಕೆ ಪುರುಸೊತ್ತು ಎಲ್ಲಿರುತ್ತೆ ಹೇಳ್ರಿ?

2014ರಲ್ಲೇ ತಯಾರಿ ನಿಂತ ಕಾರು ಅಂತ ಸಿಕ್ಕಿದ ಸಿಲಿಂಡರ್ ಕಿಟ್ ಹಾಕಿಸಬೇಡ್ರಿ. ಆಮೇಲಾಮೇಲೆ ಬಂದ ಅಂಬಾಸಿಡರ್‌ಗಳಿಗೆ ಮುಂದೆ ಡಿಸ್ಕ್ ಬಂತು. ಡ್ರಮ್ಮಿನ ಈ ವಾಲ್ವನ್ನ ಡಿಸ್ಕಿನ ಪೈಪಿಗೆ ಹಾಕಿದ್ರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತೆ, ಬಿಸಿಯಾಗುತ್ತೆ.

ನಿಮ್ಮ ಗಾಡಿಗಲ್ಲ, ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರೋ ಗಾಡಿಗಳಿಗೆ ಇನ್ನೊಂದು ವಾಲ್ವ್ ಬೇಕು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರಾಗುತ್ತೆ. ಅದು ಲಾಕ್ ಆದ್ರೆ ಗಾಡಿ ಅಡ್ಡ ತಿರುಗುತ್ತೆ. ಅದಕ್ಕೇ ಒಂದು ಮಟ್ಟ ದಾಟಿದ ಮೇಲೆ ಹಿಂದಕ್ಕೆ ಹೋಗೋ ಒತ್ತಡವನ್ನ ಆ ವಾಲ್ವ್ ಕಡಿಮೆ ಮಾಡುತ್ತೆ. ಲೋಡ್ ಹೊರೋ ಕೆಲವು ಗಾಡಿಗಳಲ್ಲಿ ಆ ವಾಲ್ವಿಗೂ ಹಿಂದಿನ ಆಕ್ಸಲಿಗೂ ಒಂದು ಕಡ್ಡಿ ಕಟ್ಟಿರುತ್ತಾರೆ. ಲೋಡಿಗೆ ಗಾಡಿ ಕೂತಷ್ಟೂ ಹಿಂದೆ ಬ್ರೇಕ್ ಜಾಸ್ತಿ. ನಮ್ಮವರು ಇನ್ನಷ್ಟು ತುಂಬೋಕೆ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚಿಗೆ ಹಾಕಿಸ್ತಾರೆ. ಆಗ ಗಾಡಿ ಕೂರೋದಿಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ, ಹಿಂದಿನ ಬ್ರೇಕ್ ಅರ್ಧಂಬರ್ಧ. ಪ್ಲೇಟ್ ಹಾಕಿಸಿದವರು ಕಡ್ಡಿಯನ್ನೂ ಸರಿಮಾಡಿಸಲೇಬೇಕು.

ಶನಿವಾರವೇ ಗ್ಯಾರೇಜಿಗೆ ಒಯ್ಯಿರಿ. ಮಾಸ್ಟರ್ ಸಿಲಿಂಡರ್ ಬಿಚ್ಚಿದ್ರೆ ಎದುರಿಗೇ ನಿಂತು, ಚೆಕ್ ವಾಲ್ವ್ ಮತ್ತೆ ಒಳಗೆ ಕೂತಿದ್ದನ್ನ ಕಣ್ಣಾರೆ ನೋಡ್ರಿ. ರಬ್ಬರ್ ತೊಳೆಯೋಕೆ ಪೆಟ್ರೋಲ್, ಎಂಜಿನ್ ಆಯಿಲ್ ಮುಟ್ಟಿಸೋಕೆ ಬಿಡಬೇಡ್ರಿ, ಉಬ್ಬಿಬಿಡುತ್ತೆ. ಬ್ರೇಕ್ ಆಯಿಲೇ ಆಗಬೇಕು. ಏರ್ ತೆಗೆಸಿದ ಮೇಲೆ ನೀವೇ ಕೂತು ಒಂದೇ ಸಲ ತುಳಿದು ನೋಡ್ರಿ. ಗಟ್ಟಿಯಾಗಿ ನಿಂತರೆ ಹೊರಡ್ರಿ, ಇಲ್ಲಾಂದ್ರೆ ಬಸ್ಸಿಗೆ ಹೋಗಿ ಬನ್ರಿ.