ಸಂಸ್ಕೃತಿ ರಕ್ಷಕರಿಗೊಂದು ಬಹಿರಂಗ ಬಿನ್ನವತ್ತಳೆ

ನೈರೋಬಿ, ಲಾಹೋರ್, ಟಿಬಿಲಿಸಿ, ಸೇಂಟ್ ಪೀಟರ್ಸ್‌ಬರ್ಗ್, ಬೀಜಿಂಗ್, ಮುಂಬಯಿ ಮೊದಲಾದ ಮಹಾನಗರಗಳಲ್ಲಿ ವಿರಾಜಮಾನರಾಗಿರುವ ಸಂಸ್ಕೃತಿ ರಕ್ಷಕ ಮಹನೀಯರ ಸನ್ನಿಧಾನಕ್ಕೆ,

ಬೆಂಗಳೂರಿನಿಂದ, ಕ್ವಿಯರ್ ಚಿತ್ರೋತ್ಸವದ ಹಿಂದಿನ ಸಾಲಿನ ಪ್ರೇಕ್ಷಕನೊಬ್ಬ ಮಾಡುವ ವಿಜ್ಞಾಪನೆಗಳು. ಉಭಯ ಕುಶಲೋಪರಿ. ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮಸಮಾಚಾರ, ಎಲ್ಲಾದರೂ ಒಂದು ಸಿನಿಮಾ ನಿಂತಾಗಲೆಲ್ಲ, ಪತ್ರಿಕೆಗಳ ಮೂಲಕ ತಲುಪುತ್ತಲೇ ಇರುತ್ತದೆ.

ನಮ್ಮೂರಿನ ಈ ಚಿತ್ರೋತ್ಸವ ಒಂದೂವರೆ ದಶಕದಿಂದ ನಡೆದುಕೊಂಡು ಬಂದಿದೆ. ನಡೆಸುವವರು ಸಮುದಾಯದ ಸ್ವಯಂಸೇವಕರು, ಪ್ರವೇಶ ಉಚಿತ, ಜರ್ಮನರ ಮ್ಯಾಕ್ಸ್‌ಮುಲ್ಲರ್ ಭವನ, ಫ್ರೆಂಚರ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಭಾಂಗಣಗಳಲ್ಲಿ ದೇಶವಿದೇಶಗಳ ಚಿತ್ರಗಳನ್ನು ತೋರಿಸುತ್ತಾರೆ. ಎಲ್ಲ ಚೆನ್ನ, ಆದರೆ ಸನ್ಮಾನವೊಂದು ಇಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ಕರ್ನಾಟಕದಲ್ಲಿ ಒಂದು ಸಭೆ ಮುಗಿದುಬಿಡುವುದು ಎಂಥ ಸಂಸ್ಕೃತಿಹೀನ ನಡವಳಿಕೆ ಎಂದು ತಮಗೆ ನಾನು ಹೇಳಬೇಕೆ? ಆ ಕೊರತೆಯನ್ನು ನೀಗಿಸಲು, ಯಾರ ಒಪ್ಪಿಗೆಯನ್ನೂ ಪಡೆಯದೆ, ಈ ಪತ್ರ ಬರೆಯುತ್ತಿದ್ದೇನೆ. ಕ್ವಿಯರ್ ಸಿನಿಮಾದ ಬಗ್ಗೆ ಜಗತ್ತಿನಾದ್ಯಂತ ತಮ್ಮಷ್ಟು ಎಚ್ಚರ ಇಟ್ಟುಕೊಂಡವರು ಬೇರೆ ಯಾರಿದ್ದಾರೆ? ವಿಮರ್ಶಕರು ತೂಕಡಿಸುತ್ತಾರೆ, ತೀರ್ಪುಗಾರರು ಮಧ್ಯೆ ಎದ್ದು ಹೋಗುತ್ತಾರೆ, ತಾವು ಮಾತ್ರ ಕಣ್ಣು ಮಿಟುಕಿಸುವುದಿಲ್ಲ.

ತಾವು ನಿಷೇಧಿಸಿದ್ದರಿಂದ ಸಿನಿಮಾಗಳಿಗೆ ಪುಕ್ಕಟೆ ಪ್ರಚಾರ ಸಿಕ್ಕಿತು ಎಂಬ ಹಳೆಯ ತಮಾಷೆಯನ್ನು ನಾನು ಮಾಡಹೊರಟಿಲ್ಲ. ಅದು ಅಷ್ಟೇನೂ ನಿಜವಲ್ಲ. ತಾವು ನಿಲ್ಲಿಸಿದ ಚಿತ್ರಗಳಲ್ಲಿ ಬಹುಪಾಲು ನಿಂತೇ ಹೋಗುತ್ತವೆ, ಯಾರೂ ಕೇಳುವುದಿಲ್ಲ. ನನ್ನ ಮೆಚ್ಚುಗೆ ತಮ್ಮ ಐಕಮತ್ಯದ ಮೇಲೆ. ತಮ್ಮ ಭಾಷೆ ಬೇರೆ, ದೇವರು ಬೇರೆ, ಪಕ್ಷ ಬೇರೆ, ಕೆಲವು ಕಡೆ ಗಡಿಯಲ್ಲಿ ಪರಸ್ಪರ ಗುಂಡು ಹಾರಿಸುತ್ತಲೂ ಇದ್ದೀರಿ. ಆದರೂ ಸಿನಿಮಾ ಮಂದಿರದ ಬಾಗಿಲಿಗೆ ಬಂದು ನಿಂತಾಗ ಎಲ್ಲರ ಬಾಯಿಂದ ಬರುವುದು ಒಂದೇ ಮಾತು: ಇದು ನಮ್ಮ ಸಂಸ್ಕೃತಿ ಅಲ್ಲ, ಹೊರಗಿನಿಂದ ಬಂದದ್ದು. ಇಷ್ಟು ದೇಶಗಳಲ್ಲಿ ಒಂದಕ್ಷರ ಆಚೀಚೆಯಾಗದೆ ಓಡುತ್ತಿರುವ ಇನ್ನೊಂದು ಸಂಭಾಷಣೆಯನ್ನು ನಾನು ಕಂಡಿಲ್ಲ.

ಮೊದಲ ಶಾಲು ನೈರೋಬಿಗೆ. 2018ರಲ್ಲಿ ವನೂರಿ ಕಹಿಯು ಎಂಬ ನಿರ್ದೇಶಕಿಯ ‘ರಫಿಕಿ’ ಕಾನ್ ಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ಕೀನ್ಯಾದ ಚಿತ್ರವೊಂದಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಸ್ಥಳೀಯ ಚುನಾವಣೆಯಲ್ಲಿ ಎದುರಾಳಿಗಳಾದ ಇಬ್ಬರು ಅಪ್ಪಂದಿರು, ಅವರ ಇಬ್ಬರು ಹೆಣ್ಣುಮಕ್ಕಳ ನಡುವೆ ಮೊಳೆಯುವ ಪ್ರೀತಿ. ಅಂಗಡಿ ಮುಂದಿನ ಕಟ್ಟೆ, ಅಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಬಲ್ಲ ಹೆಂಗಸು, ಭಾನುವಾರದ ಚರ್ಚು, ಫುಟ್‌ಬಾಲ್ ಮೈದಾನ, ಕಣ್ಣು ಕುಕ್ಕುವ ಗುಲಾಬಿ ಬಣ್ಣ. ಹೊರಗಿನಿಂದ ಬಂದದ್ದು ಎನ್ನಲು ಅದರಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ. ಕಥೆಯ ಮೂಲ ಕೂಡ ಪಕ್ಕದ ಉಗಾಂಡದ ಲೇಖಕಿ ಮೋನಿಕಾ ಅರಾಕ್ ಡಿ ನ್ಯೆಕೊ ಬರೆದ ಸಣ್ಣಕಥೆ. ತಮ್ಮ ಮಂಡಳಿ ಕಾನ್‌ಗೆ ಮೊದಲೇ, ಏಪ್ರಿಲ್‌ನಲ್ಲಿ, ನಿಷೇಧ ಹೇರಿತು. ಆದರೆ ಅದಕ್ಕಿಂತ ಮೊದಲು ಒಂದು ರಾಜಿಸೂತ್ರ ಬಂದಿತ್ತೆಂದು ನಿರ್ದೇಶಕಿ ಹೇಳಿದ್ದಾರೆ: ಕೊನೆಯ ದೃಶ್ಯ ಬದಲಿಸಿ, ಅದರಲ್ಲಿ ಭರವಸೆ ಜಾಸ್ತಿಯಾಯಿತು.

ಇಲ್ಲಿ ಒಂದು ನಿಮಿಷ ನಿಂತು ಕೈಮುಗಿಯಬೇಕೆನಿಸುತ್ತದೆ. ಹಿಂದಿನ ಸಾಲಿನಲ್ಲಿ ಕೂತು ನಾನು ನೋಡಿದ ಕ್ವಿಯರ್ ಚಿತ್ರಗಳಲ್ಲಿ ಎಷ್ಟೋ ನಾಯಕ ನಾಯಕಿಯರು ನೇಣು ಹಾಕಿಕೊಂಡಿದ್ದಾರೆ, ಮುಳುಗಿದ್ದಾರೆ, ಹುಚ್ಚರಾಗಿದ್ದಾರೆ, ಮದುವೆಯಾಗಿದ್ದಾರೆ. ಅಂಥ ಚಿತ್ರಗಳ ಮೇಲೆ ತಮಗೆ ಇಷ್ಟು ಕೋಪ ಬಂದದ್ದು ಕಾಣೆ. ಹುಡುಗಿಯರು ಹುಡುಗಿಯರನ್ನು ಪ್ರೀತಿಸುವುದು ತಮಗೆ ಸಮಸ್ಯೆಯಲ್ಲ, ಪ್ರೀತಿಸಿ ಬದುಕಿ ಉಳಿಯುವುದು ಸಮಸ್ಯೆ. ಚಿತ್ರದ ಜೀವ ಇರುವುದು ಎಲ್ಲಿ ಎಂಬುದನ್ನು ಇಷ್ಟು ನಿಖರವಾಗಿ ಗುರುತಿಸಿದ ವಿಮರ್ಶೆಯನ್ನು ನಾನು ಯಾವ ಚಲನಚಿತ್ರ ಪತ್ರಿಕೆಯಲ್ಲೂ ಓದಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ಏಳು ದಿನಗಳ ಮಟ್ಟಿಗೆ ನಿಷೇಧಕ್ಕೆ ತಡೆ ಕೊಟ್ಟಾಗ ನೈರೋಬಿಯ ಚಿತ್ರಮಂದಿರಗಳು ತುಂಬಿ ತುಳುಕಿದವು. ಏಳು ದಿನ ಕಳೆಯಿತು, ಬಾಗಿಲು ಮತ್ತೆ ಮುಚ್ಚಿತು. ಆಸ್ಕರ್‌ಗೆ ಕೀನ್ಯಾ ಬೇರೆ ಚಿತ್ರ ಕಳುಹಿಸಿತು.

ಲಾಹೋರಿನ ಮಹನೀಯರದು ಇನ್ನೂ ಸೂಕ್ಷ್ಮ ಕುಸುರಿ. ಸೈಮ್ ಸಾದಿಕ್ ನಿರ್ದೇಶಿಸಿದ ‘ಜಾಯ್‌ಲ್ಯಾಂಡ್’ 2022ರಲ್ಲಿ ಕಾನ್‌ನಲ್ಲಿ ಪ್ರಶಸ್ತಿ ಗಳಿಸಿತು, ಪಾಕಿಸ್ತಾನದ ಅಧಿಕೃತ ಆಸ್ಕರ್ ಪ್ರವೇಶವೂ ಆಯಿತು. ಲಾಹೋರಿನ ಹಳೆಯ ಮನೆಯೊಂದರ ಕಿರಿಯ ಮಗ, ನಾಟಕಶಾಲೆಯಲ್ಲಿ ಕುಣಿಯುವ ತೃತೀಯಲಿಂಗಿ ಕಲಾವಿದೆ ಬೀಬಾ, ಕೆಲಸ ಬಿಡಿಸಿ ಅಡುಗೆಮನೆಗೆ ದೂಡಲ್ಪಟ್ಟ ಹೆಂಡತಿ ಮುಮ್ತಾಜ್. ಗದ್ದಲವೆಲ್ಲ ಬೀಬಾಳ ಮೇಲೆ. ಚಿತ್ರದ ದುರಂತ ಮಾತ್ರ ಮುಮ್ತಾಜಳದು, ಆಕೆಯ ಬಗ್ಗೆ ತಾವು ಒಂದು ಮಾತೂ ಆಡಲಿಲ್ಲ. ಆಗಸ್ಟ್‌ನಲ್ಲಿ ಕೊಟ್ಟ ಪ್ರಮಾಣಪತ್ರವನ್ನು ನವೆಂಬರ್‌ನಲ್ಲಿ ಕಿತ್ತುಕೊಂಡು, ದೇಶವಿಡೀ ಗಲಾಟೆಯಾದ ಮೇಲೆ ಮರಳಿ ಕೊಟ್ಟಿರಿ. ಆಗ ಪಂಜಾಬ್ ಪ್ರಾಂತ್ಯ ಎದ್ದು ನಿಂತು, ನಮ್ಮಲ್ಲಿ ಬೇಡ ಎಂದಿತು. ಪಂಜಾಬಿನ ರಾಜಧಾನಿ ಲಾಹೋರ್. ಹಾಗಾಗಿ ಪಂಜಾಬಿ ಮಾತಾಡುವ, ಲಾಹೋರಿನ ಗಲ್ಲಿಗಳಲ್ಲೇ ಹುಟ್ಟಿದ ಚಿತ್ರವನ್ನು ಕರಾಚಿಯವರು ನೋಡಬಹುದು, ಫ್ರೆಂಚರು ನೋಡಬಹುದು, ಲಾಹೋರಿನವರು ನೋಡುವ ಹಾಗಿಲ್ಲ. ಲಾಹೋರ್ ಲಾಹೋರಿನ ಸಂಸ್ಕೃತಿ ಅಲ್ಲ.

ಟಿಬಿಲಿಸಿಯವರು ಮುನಿಸಿಕೊಳ್ಳಬಾರದು, ಅವರನ್ನು ಮರೆತಿಲ್ಲ. 2019ರ ನವೆಂಬರ್‌ನಲ್ಲಿ ಲೆವನ್ ಅಕಿನ್ ಅವರ ‘ಆ್ಯಂಡ್ ದೆನ್ ವಿ ಡಾನ್ಸ್ಡ್’ ಅಲ್ಲಿ ಬಿಡುಗಡೆಯಾದದ್ದು ಮೂರೇ ದಿನಕ್ಕೆ. ಜಾರ್ಜಿಯಾದ ಸಾಂಪ್ರದಾಯಿಕ ನೃತ್ಯವನ್ನೇ ಉಸಿರಾಡುವ ಇಬ್ಬರು ತರುಣರ ಕಥೆ. ತಾವು ಹೊರಗೆ ಘೋಷಣೆ ಕೂಗುತ್ತಿದ್ದಿರಿ. ಪ್ರೇಕ್ಷಕರು ಪೊಲೀಸರ ಸಾಲಿನ ನಡುವೆ ತೂರಿ ಒಳಗೆ ಹೋಗಿ ತಮ್ಮದೇ ನಾಡಿನ ಕುಣಿತ ನೋಡಿದರು. ಆ ನೃತ್ಯಗಳನ್ನು ಸಂಯೋಜಿಸಿದವರ ಹೆಸರು ಚಿತ್ರದಲ್ಲಿ ಇಲ್ಲ, ಸುರಕ್ಷತೆಯ ದೃಷ್ಟಿಯಿಂದ ಅನಾಮಿಕ ಎಂದಷ್ಟೇ ಇದೆ. ಪರಂಪರೆಯನ್ನು ಬಲ್ಲ ಒಬ್ಬರು ಪರಂಪರೆಯ ರಕ್ಷಕರಿಗೆ ಹೆದರಿ ಹೆಸರು ಮುಚ್ಚಿಟ್ಟುಕೊಂಡರು.

ಸೇಂಟ್ ಪೀಟರ್ಸ್‌ಬರ್ಗಿನವರು 2008ರಲ್ಲಿ ಸಂಸ್ಕೃತಿಯ ಮಾತೇ ಎತ್ತದೆ, ಅಗ್ನಿಶಾಮಕ ಇಲಾಖೆಯ ಮೂಲಕ ‘ಸೈಡ್ ಬೈ ಸೈಡ್’ ಚಿತ್ರೋತ್ಸವದ ಸಭಾಂಗಣಗಳಿಗೆ ಬೀಗ ಹಾಕಿಸಿದರು. ಈ ಮಿತಭಾಷೆ ಮೆಚ್ಚತಕ್ಕದ್ದು. ಬೀಜಿಂಗ್‌ನಲ್ಲಿ ತಮ್ಮ ಕಾಟ ತಾಳಲಾರದೆ 2014ರಲ್ಲಿ ಅಲ್ಲಿನ ಕ್ವಿಯರ್ ಚಿತ್ರೋತ್ಸವದ ಸಂಘಟಕರು ಪ್ರೇಕ್ಷಕರಿಗೆ ಲ್ಯಾಪ್‌ಟಾಪ್ ತಂದು ರೈಲು ಹತ್ತಿ ಎಂದರು. ಎಲ್ಲರೂ ಬೋಗಿಯಲ್ಲಿ ಕೂತು, ತಂತಮ್ಮ ಪುಟ್ಟ ಪರದೆಯಲ್ಲಿ, ಒಟ್ಟಿಗೇ ಒಂದೇ ಚಿತ್ರ ನೋಡಿದರು. ಬೆಂಗಳೂರಿನ ಸಂಚಾರದಟ್ಟಣೆಯಲ್ಲಿ ಬಸವಳಿದು ಚಿತ್ರೋತ್ಸವಕ್ಕೆ ತಡವಾಗಿ ತಲುಪುವ ನಮಗೆ, ಚಲಿಸುವ ಚಿತ್ರಮಂದಿರದ ಈ ಉಪಾಯ ಹೊಳೆಯಬೇಕಿತ್ತು.

ಇನ್ನು ‘ಹೊರಗಿನಿಂದ ಬಂದದ್ದು’ ಎಂಬ ವಿಚಾರ. ಕಡತ ತೆರೆದು ನೋಡಿದೆ. ಮೆಕಾಲೆ ಸಾಹೇಬರು 1837ರಲ್ಲಿ ಕರಡು ಮಾಡಿದ ದಂಡಸಂಹಿತೆ 1860ರಲ್ಲಿ ಭಾರತದ ಕಾನೂನಾಯಿತು. ಅದರಲ್ಲೊಂದು, ಸಲಿಂಗ ಸಂಬಂಧವನ್ನು ಅಪರಾಧವೆಂದ ಕಲಂ 377. ಪಾಕಿಸ್ತಾನ ಆ ಸಂಖ್ಯೆಯನ್ನೂ ಬದಲಿಸದೆ ಇಂದಿಗೂ ಇಟ್ಟುಕೊಂಡಿದೆ. ಕೀನ್ಯಾದ ಕಲಂ 162 ಕೂಡ ಬ್ರಿಟಿಷರು ಬಿಟ್ಟುಹೋದದ್ದೇ. ಅಂದರೆ ನೈರೋಬಿಯಲ್ಲೂ ಲಾಹೋರಿನಲ್ಲೂ ತಾವು ಸ್ವದೇಶಿ ಸಂಸ್ಕೃತಿಯನ್ನು ಕಾಪಾಡುತ್ತಿರುವುದು ಲಂಡನ್ನಿನಿಂದ ಹಡಗಿನಲ್ಲಿ ಬಂದ ಪಾರ್ಸೆಲ್ ಹಿಡಿದುಕೊಂಡು. ಟಿಬಿಲಿಸಿಯವರು ಮಾತ್ರ ಇದಕ್ಕೆ ಅಪವಾದ. ಸಲಿಂಗಕಾಮವನ್ನು ಅಪರಾಧವಾಗಿಸಿದ 1934ರ ಸೋವಿಯತ್ ಕಾನೂನು ಸ್ಟಾಲಿನ್ ಕಾಲದ್ದು, ಸ್ಟಾಲಿನ್ ಹುಟ್ಟಿದ್ದು ಜಾರ್ಜಿಯಾದಲ್ಲೇ. ಅಪ್ಪಟ ಸ್ವದೇಶಿ ಎಂದು ಎದೆತಟ್ಟಿ ಹೇಳುವ ಹಕ್ಕು ಅವರಿಗುಂಟು.

ಭಾರತದ ಸುಪ್ರೀಂ ಕೋರ್ಟ್ 377ರ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು. ‘ರಫಿಕಿ’ಗೆ ಏಳು ದಿನ ಸಿಕ್ಕಿದ್ದೂ ಅದೇ ತಿಂಗಳು. ಕೀನ್ಯಾದ ಅರ್ಜಿದಾರರು ನಮ್ಮ ತೀರ್ಪನ್ನು ತಮ್ಮ ನ್ಯಾಯಾಲಯದ ಮುಂದಿಟ್ಟರು. 2019ರ ಮೇ ತಿಂಗಳಲ್ಲಿ ಆ ನ್ಯಾಯಾಲಯ ಒಪ್ಪದೆ ಕಲಂ 162ನ್ನು ಎತ್ತಿಹಿಡಿಯಿತು. ಪಾರ್ಸೆಲ್ ಕಳುಹಿಸಿದವರು ತಮ್ಮ ಮನೆಯಲ್ಲಿ ಅದನ್ನು ಎಂದೋ ಎಸೆದಿದ್ದಾರೆ.

ಹಾಗೆಂದು ಯುರೋಪನ್ನು ಹೊಗಳುವ ಅಭ್ಯಾಸ ನನಗಿಲ್ಲ. ತಮ್ಮ ಬಳಗದ ಆದಿಪುರುಷರು ಅಲ್ಲಿಯವರೇ. 1919ರಲ್ಲಿ ಬರ್ಲಿನ್‌ನಲ್ಲಿ ರಿಚರ್ಡ್ ಓಸ್ವಾಲ್ಡ್ ‘ಡಿಫರೆಂಟ್ ಫ್ರಂ ದಿ ಅದರ್ಸ್’ ಎಂಬ ಮೂಕಿಚಿತ್ರ ಮಾಡಿದ. ಗಂಡಸನ್ನು ಪ್ರೀತಿಸಿದ ಪಿಟೀಲು ವಾದಕ, ಅವನನ್ನು ಹೆದರಿಸಿ ಹಣ ಕೀಳುವ ಬ್ಲ್ಯಾಕ್‌ಮೇಲರ್, ಆ ಬ್ಲ್ಯಾಕ್‌ಮೇಲರನಿಗೆ ಬೆಂಬಲವಾಗಿ ನಿಂತ ಜರ್ಮನ್ ಕಾನೂನಿನ ಕಲಂ 175. ಚಿತ್ರದ ನಡುವೆ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ ಸ್ವತಃ ಬಂದು ಉಪನ್ಯಾಸ ಕೊಡುತ್ತಾನೆ. ಹರಿಕಥೆಯಲ್ಲಿ ದಾಸರು ಕಥೆ ನಿಲ್ಲಿಸಿ ಬುದ್ಧಿ ಹೇಳುವ ಹಾಗೆ. ಕಲೆಯ ದೃಷ್ಟಿಯಿಂದ ಆ ಉಪನ್ಯಾಸ ಭಾರವೇ. ಆದರೂ ಆಗ ಜರ್ಮನಿಯಲ್ಲಿ ಸೆನ್ಸಾರ್ ಇರಲಿಲ್ಲವಾದ್ದರಿಂದ ಜನ ನೋಡಿದರು. ಮರುವರ್ಷವೇ ಸೆನ್ಸಾರ್ ಬಂತು, ವೈದ್ಯರು ಸಂಶೋಧಕರ ಹೊರತು ಬೇರೆಯವರು ನೋಡಕೂಡದೆಂದು ಆಜ್ಞೆಯಾಯಿತು. 1933ರ ಮೇ ತಿಂಗಳಲ್ಲಿ ನಾಜಿಗಳು ಹಿರ್ಷ್‌ಫೆಲ್ಡನ ಸಂಸ್ಥೆಯನ್ನು ಲೂಟಿ ಮಾಡಿ ಪುಸ್ತಕ ಸುಟ್ಟರು. ಇಂದು ಚಿತ್ರದ ತುಣುಕುಗಳಷ್ಟೇ ಉಳಿದಿವೆ, ಅದೂ ಹಿರ್ಷ್‌ಫೆಲ್ಡ್ ಅವನ್ನು ತನ್ನ ಇನ್ನೊಂದು ಚಿತ್ರದೊಳಗೆ ಸೇರಿಸಿಟ್ಟಿದ್ದರಿಂದ. ಪಿಟೀಲು ವಾದಕನಾಗಿ ನಟಿಸಿದ ಕಾನ್ರಾಡ್ ಫೈಟ್ ಜರ್ಮನಿ ಬಿಟ್ಟುಹೋದ. ‘ಕಾಸಾಬ್ಲಾಂಕಾ’ದಲ್ಲಿ ನಾಜಿ ಅಧಿಕಾರಿಯಾಗಿ ಬಂದು ಗುಂಡೇಟು ತಿನ್ನುವವನು ಅವನೇ.

ನಮ್ಮ ದೇಶದ ರಕ್ಷಕರ ಕೀರ್ತಿ ತಮಗೆಲ್ಲ ತಿಳಿದದ್ದೇ. ದೀಪಾ ಮೆಹ್ತಾ ಅವರ ‘ಫೈರ್’ ಸೆನ್ಸಾರ್ ಮುಗಿಸಿ ನೆಮ್ಮದಿಯಾಗಿ ಓಡುತ್ತಿದ್ದಾಗ, 1998ರ ಡಿಸೆಂಬರ್‌ನಲ್ಲಿ ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಗಾಜು ಪುಡಿಯಾಯಿತು. ಚಿತ್ರ ಮತ್ತೆ ಮಂಡಳಿಗೆ ಹೋಯಿತು, ಮಂಡಳಿ ಮತ್ತೆ ನೋಡಿತು, ಯಾವ ಕತ್ತರಿಯೂ ಇಲ್ಲದೆ ಮತ್ತೆ ಬಿಟ್ಟಿತು. ಗಾಜಿನ ದುಡ್ಡು ಯಾರು ಕೊಟ್ಟರೋ.

ಕರ್ನಾಟಕದ ಮಟ್ಟಿಗೆ ಒಂದು ಬಿನ್ನಹವಿದೆ. ಇಲ್ಲಿ ಯಕ್ಷಗಾನದ ಸ್ತ್ರೀವೇಷಕ್ಕೆ ಗಂಡಸು ಗೆಜ್ಜೆ ಕಟ್ಟಿದರೆ ಊರು ಬೆಳಗಿನ ಜಾವದವರೆಗೆ ಕೂತಿರುತ್ತದೆ. ಸವದತ್ತಿಯ ಗುಡ್ಡಕ್ಕೆ ಜೋಗಪ್ಪಂದಿರು ಎಲ್ಲಮ್ಮನ ಕೊಡ ಹೊತ್ತು ಹತ್ತುತ್ತಾರೆ. ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋಗಿ, ಸೆರಗಿನಿಂದ ರಾಷ್ಟ್ರಪತಿಯವರದೇ ದೃಷ್ಟಿ ತೆಗೆದು ಬಂದರು. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದಾಗ ತಾವೂ ಚಪ್ಪಾಳೆ ತಟ್ಟಿದ್ದಿರಿ. ಇದನ್ನೆಲ್ಲ ಪುರಾವೆಯಾಗಿ ಒಪ್ಪಿಸುತ್ತಿದ್ದೇನೆಂದು ಭಾವಿಸಬೇಡಿ. ನಮ್ಮ ಪುರಾಣದಲ್ಲಿ ಇತ್ತು, ಜಾತ್ರೆಯಲ್ಲಿ ಇತ್ತು ಎಂದು ಪ್ರತಿಸಲ ದಾಖಲೆ ಹಾಜರುಪಡಿಸುವ ವಾದ ನನಗೆ ಅಷ್ಟು ರುಚಿಸುವುದಿಲ್ಲ. ಜೋಗಪ್ಪನ ಹತ್ತಿರ ಆಶೀರ್ವಾದ ಪಡೆದವರು ಬಾಡಿಗೆಗೆ ಮನೆ ಕೊಡುವುದಿಲ್ಲ. ಇನ್ನು, ಪರಂಪರೆಯಲ್ಲಿ ಇಲ್ಲದ್ದನ್ನು ನೋಡಬಾರದು ಎಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸುವುದಾದರೆ, 1896ರ ಜುಲೈನಲ್ಲಿ ಲೂಮಿಯೇರ್ ಸಹೋದರರ ಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದ ದಿನವೇ ತಾವು ಅದನ್ನು ವಾಪಸ್ ಕಳುಹಿಸಬೇಕಿತ್ತು. ತಡವಾಯಿತು.

ತಮ್ಮ ಆಕ್ಷೇಪದಲ್ಲಿ ಒಂದು ಸತ್ಯಾಂಶ ಇದ್ದೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇಂಥ ಚಿತ್ರೋತ್ಸವಗಳಲ್ಲಿ ನಿಜವಾಗಿಯೂ ಪರಕೀಯವಾಗಿರುವುದು ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳು. ಸ್ವಾಹಿಲಿ, ಪಂಜಾಬಿ, ಜಾರ್ಜಿಯನ್, ಯಾವ ಭಾಷೆಯ ಚಿತ್ರವಾದರೂ ಅದು ನಮ್ಮ ಹತ್ತಿರ ಇಂಗ್ಲಿಷಿನ ಮೂಲಕವೇ ಬರಬೇಕು. ಚಿತ್ರದುರ್ಗದಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದವಳಿಗೆ, ಕನ್ನಡ ಬಿಟ್ಟು ಬೇರೆ ಓದಲಾರದ ಹುಡುಗನಿಗೆ, ಪ್ರವೇಶ ಉಚಿತವಾದರೂ ಚಿತ್ರ ಉಚಿತವಲ್ಲ. ಮುಮ್ತಾಜಳ ಅಡುಗೆಮನೆಯನ್ನು ಒಂದೇ ಏಟಿಗೆ ಗುರುತಿಸಬಲ್ಲವರು ಅವರೇ. ಆ ಕುರ್ಚಿಗಳಲ್ಲಿ ಕೂತಿರುವವರು ನನ್ನಂಥವರು. ಇಷ್ಟು ವರ್ಷ ಹೊರಗೆ ನಿಂತು ಕೂಗಿದ ತಾವು ಒಮ್ಮೆ ಒಳಗೆ ಬಂದು ಕೂತಿದ್ದರೆ, ಈ ಟೀಕೆ ಮಾಡುವ ಸದವಕಾಶ ತಮ್ಮದಾಗಿರುತ್ತಿತ್ತು.

ಆದ್ದರಿಂದ ಕೊನೆಯದಾಗಿ ಒಂದು ಕೋರಿಕೆ. ಮುಂದಿನ ವರ್ಷ ತಾವು ಯಾವ ಯಾವ ಚಿತ್ರಗಳ ಮೇಲೆ ಕೆರಳಲಿದ್ದೀರಿ ಎಂಬ ಪಟ್ಟಿಯನ್ನು ದಯವಿಟ್ಟು ಮುಂಚಿತವಾಗಿ ಕಳುಹಿಸಿಕೊಡಿ. ಆಯ್ಕೆ ಸಮಿತಿಯ ಕೆಲಸ ಹಗುರಾಗುತ್ತದೆ. ಎರಡು ಗಂಟೆಯ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವುದು ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ, ಹಾಗಾಗಿ ಪಟ್ಟಿ ಯುಗಾದಿಯೊಳಗೆ ತಲುಪಿದರೆ ಒಳ್ಳೆಯದು. ತಮ್ಮಲ್ಲಿ ಕಾಗುಣಿತ ಶುದ್ಧವಿರುವವರು ಯಾರಾದರೂ ಇದ್ದರೆ ಅವರನ್ನೂ ಜೊತೆಗೇ ಕಳುಹಿಸಿ.

ಇತಿ ತಮ್ಮ ವಿಧೇಯ,
ಹಿಂದಿನ ಸಾಲಿನ ಪ್ರೇಕ್ಷಕ